ನಲವತ್ತೈದು ದಾಟಿದ ಮೇಲೆ ಹಾಫ್ ಐರನ್‌ಮ್ಯಾನ್ ಟ್ರೈನಿಂಗ್: ಮನೆಯವ್ರ ಪಾಲು ಎಷ್ಟು, ಎಲ್ಲಿ

ಹಾಫ್ ಐರನ್‌ಮ್ಯಾನ್ ಮಾಡ್ತೀನಿ ಅಂದಾಗ ಎಲ್ರೂ ಮೊದ್ಲು ಕೇಳಿದ್ದು ನಿಂಗೆ ಈಜು ಬರುತ್ತಾ ಅಂತ, ಆಮೇಲೆ ಸೈಕಲ್‌ಗೆ ಎಷ್ಟು ಕೊಟ್ಟೆ ಅಂತ, ಕೆಲವರು ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ ಅಂತ. ಭಾನುವಾರ ನೀನು ಐದು ಗಂಟೆ ಹೊತ್ತು ರಸ್ತೆ ಮೇಲಿದ್ರೆ ಮನೇಲಿ ತಿಂಡಿ ಯಾರು ಮಾಡ್ತಾರೆ, ಮಧ್ಯಾಹ್ನ ನೀನು ಸುಸ್ತಾಗಿ ಮಲಗಿದ್ರೆ ಮಗಳನ್ನ ಟ್ಯೂಷನ್ನಿಗೆ ಯಾರು ಬಿಡ್ತಾರೆ ಅಂತ ಒಬ್ರೂ ಕೇಳ್ಲಿಲ್ಲ. ಎರಡು ವರ್ಷ ಇದ್ರಲ್ಲಿ ಮುಳುಗೆದ್ದ ಮೇಲೆ ನಂಗನ್ನಿಸೋದು ಕೇಳಬೇಕಾಗಿದ್ದ ಪ್ರಶ್ನೆ ಅದೇ. ಯಾಕಂದ್ರೆ ನಲವತ್ತೈದು ದಾಟಿದ ಮೈಗೆ ವ್ಯಾಯಾಮ ಮಾಡೋದಕ್ಕಿಂತ ಆ ವ್ಯಾಯಾಮ ಅರಗಿಸ್ಕೊಳ್ಳೋದು ಕಷ್ಟ, ಅರಗೋದು ನಿದ್ದೆಲಿ, ಊಟದಲ್ಲಿ, ಸುಮ್ನೆ ಕೂತ್ಕೊಳ್ಳೋದ್ರಲ್ಲಿ, ಆ ಮೂರೂ ಸಿಗೋದು ಮನೇಲಿ ಇನ್ನೊಬ್ರು ಬಿಟ್ಟುಕೊಟ್ರೆ ಮಾತ್ರ. ಇದನ್ನ ಸರಿಯಾಗಿ ಬಿಡಿಸಿ ಹೇಳೋಣ ಅಂತ ಬರೀತಿದೀನಿ. ಮೈಸೂರಲ್ಲಿದ್ದೀನಿ, ಬ್ಯಾಂಕ್ ಕೆಲಸ, ಶುರು ಮಾಡಿದಾಗ 45, ಗೋವಾದಲ್ಲಿ ಮುಗಿಸಿದಾಗ 47.

ಮೊದ್ಲು ಇದೇನು ಅಂತ. ಫುಲ್ ಐರನ್‌ಮ್ಯಾನ್ ಅಂದ್ರೆ 3.8 ಕಿಮೀ ಈಜು, ಆಮೇಲೆ 180 ಕಿಮೀ ಸೈಕಲ್, ಅದಾದ್ಮೇಲೆ 42.2 ಕಿಮೀ ಓಟ, ಒಂದರ ಬೆನ್ನಿಗೆ ಇನ್ನೊಂದು, ಮಧ್ಯೆ ಶೂ ಹಾಕ್ಕೊಳ್ಳೋ ನಿಮಿಷಗಳೂ ಲೆಕ್ಕಕ್ಕೇ ಬರುತ್ವೆ, ಒಟ್ಟು ಸಾಮಾನ್ಯವಾಗಿ 17 ಗಂಟೆ ಒಳಗೆ ಮುಗೀಬೇಕು. ಹಾಫ್ ಅಂದ್ರೆ ಎಲ್ಲದ್ರಲ್ಲೂ ಅರ್ಧ: 1.9 ಕಿಮೀ ಈಜು, 90 ಕಿಮೀ ಸೈಕಲ್, 21.1 ಕಿಮೀ ಓಟ, ಎಂಟೂವರೆ ಗಂಟೆ ಟೈಮು, ಅದ್ರಲ್ಲಿ ಈಜಿಗೆ 1 ಗಂಟೆ 10 ನಿಮಿಷ. ಮೈಲಿ ಲೆಕ್ಕದಲ್ಲಿ ಮೂರೂ ಕೂಡಿದ್ರೆ 70.3 ಆಗುತ್ತೆ, ಅದಕ್ಕೇ ಇದಕ್ಕೆ ಐರನ್‌ಮ್ಯಾನ್ 70.3 ಅಂತ ಹೆಸ್ರು. ಗೋವಾದಲ್ಲಿ 2019ರಲ್ಲಿ ಶುರುವಾಯ್ತು, ಕೋವಿಡ್ ವರ್ಷಗಳನ್ನ ಬಿಟ್ರೆ ಅಕ್ಟೋಬರ್ ಇಲ್ಲ ನವೆಂಬರಲ್ಲಿ ಮಿರಾಮಾರ್ ಬೀಚಿಂದ ಹೊರಡುತ್ತೆ, ರಾತ್ರಿ ಬಸ್ಸು, ರೈಲಿನ ದೂರ ಆಗಿರೋದ್ರಿಂದ ನಮ್ಮ ಕಡೆಯವ್ರಿಗೆ ಮೊದ್ಲನೇ ಸಲಕ್ಕೆ ಅದೇ ಅನುಕೂಲ.

ಈ ಆಟ ಹುಟ್ಟಿದ್ದೇ ಒಂದು ಗಂಡ ಹೆಂಡತಿಯಿಂದ, ಅದು ನಂಗೆ ತುಂಬಾ ಇಷ್ಟದ ವಿಷಯ. ಅಮೆರಿಕದ ನೌಕಾಪಡೆಲಿದ್ದ ಜಾನ್ ಕಾಲಿನ್ಸ್ ಮತ್ತೆ ಅವ್ರ ಹೆಂಡತಿ ಜೂಡಿ ಕಾಲಿನ್ಸ್, ಇಬ್ರೂ 1974ರಲ್ಲಿ ಸ್ಯಾನ್ ಡಿಯೆಗೋದ ಮಿಷನ್ ಬೇ ಅನ್ನೋ ಕಡೆ ನಡೆದ ಸಣ್ಣ ಟ್ರಯಥ್ಲಾನಲ್ಲಿ, ಅಂದ್ರೆ ಈಜು ಸೈಕಲ್ ಓಟ ಮೂರೂ ಸೇರಿದ ಸ್ಪರ್ಧೇಲಿ, ಜೊತೆಗೆ ಭಾಗವಹಿಸಿದ್ರು, ಆಮೇಲೆ ಹವಾಯಿಗೆ ವರ್ಗ ಆದ್ಮೇಲೆ ಈಜೋರು ಗಟ್ಟಿನಾ ಓಡೋರು ಗಟ್ಟಿನಾ ಸೈಕಲ್‌ನವ್ರು ಗಟ್ಟಿನಾ ಅನ್ನೋ ವಾದಕ್ಕೆ ಉತ್ತರ ಅಂತ ಅಲ್ಲಿದ್ದ ಮೂರು ಸ್ಪರ್ಧೆನ ಒಂದೇ ದಿನಕ್ಕೆ ಜೋಡಿಸಿಬಿಟ್ರು. 1978ರ ಫೆಬ್ರವರಿ 18ರಂದು ಓಆಹು ದ್ವೀಪದಲ್ಲಿ 15 ಜನ ಹೊರಟ್ರು, 12 ಜನ ಮುಗಿಸಿದ್ರು. ಆಗ ದಾರೀಲಿ ನೀರು ಕೊಡೋ ಸ್ಟಾಲ್ ಗೀಲ್ ಏನೂ ಇರ್ಲಿಲ್ಲ, ಅವರವರ ಸಹಾಯಕ್ಕೆ ಅವರವರೇ ಜನ ಕರ್ಕೊಂಡು ಬರಬೇಕಿತ್ತು. ಮುಂದಿದ್ದ ಜಾನ್ ಡನ್‌ಬಾರ್ ಅನ್ನೋರ ಜೊತೆಗಾರರ ಹತ್ರ ಮ್ಯಾರಥಾನ್ ಹೊತ್ತಲ್ಲಿ ನೀರು ಖಾಲಿಯಾಗಿ ಬಿಯರ್ ಕೊಟ್ರಂತೆ, ಅವ್ರು ಎರಡನೇ ಸ್ಥಾನಕ್ಕೆ ಬಂದ್ರು, ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡಲ್ಲಿ ಗೆದ್ರು. ಜೊತೆಲಿರೋರು ಏನು ಕೊಡ್ತಾರೆ, ಯಾವಾಗ ಕೊಡ್ತಾರೆ ಅನ್ನೋದು ಮೊದ್ಲನೇ ದಿನದಿಂದಲೇ ಲೆಕ್ಕಕ್ಕಿತ್ತು ಅಂತ ನಾನು ಇದನ್ನ ನಮ್ಮನೆಯವ್ರಿಗೆ ಓದಿ ಹೇಳಿದ್ದೆ.

ಈಗ ಗಂಟೆಗಳ ಲೆಕ್ಕ. ಹಾಫ್‌ಗೆ ಮೊದ್ಲನೇ ಸಲ ತಯಾರಾಗೋರಿಗೆ ವಾರಕ್ಕೆ ಎಂಟರಿಂದ ಹತ್ತು ಗಂಟೆ ಸಾಕು ಅಂತ ಎಲ್ಲ ಪ್ಲಾನಲ್ಲೂ ಬರೆದಿರ್ತಾರೆ, ಸುಳ್ಳಲ್ಲ, ಆದ್ರೆ ಅದು ಬರೀ ಮೈ ಬೆವರೋ ಗಂಟೆ. ಒಂದು ಗಂಟೆ ಈಜಿಗೆ ಮನೆಯಿಂದ ಹೋಗಿ ಸ್ನಾನ ಮಾಡಿ ತಲೆ ಒಣಗಿಸ್ಕೊಂಡು ಬರೋಕೆ ಎರಡು ಗಂಟೆ, ನಾಲ್ಕು ಗಂಟೆ ಸೈಕಲ್ಲಿಗೆ ಹಿಂದಿನ ರಾತ್ರಿ ಗಾಳಿ ಚೈನು ನೋಡಿ ಬಾಟಲಿ ತುಂಬ್ಸೋದು, ಬಂದ್ಮೇಲೆ ಬಟ್ಟೆ ಒಗೆಯೋದು, ಮಧ್ಯಾಹ್ನ ಒಂದು ಗಂಟೆ ಬಿದ್ಕೊಳ್ಳೋದು, ಮತ್ತೆ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು ಅಂದ್ರೆ ರಾತ್ರಿ ಒಂಬತ್ತಕ್ಕೇ ದೀಪ ಆರಿಸ್ಬೇಕು, ಅಂದ್ರೆ ಮನೆಯೋರೆಲ್ಲ ಕೂತು ಮಾತಾಡೋ ಹೊತ್ತಿಗೆ ನಾನಿಲ್ಲ. ಹೀಗೆ ಕೂಡಿಸ್ತಾ ಹೋದ್ರೆ ಒಂಬತ್ತು ಗಂಟೆ ಟ್ರೈನಿಂಗ್ ಹದಿನೇಳು ಹದಿನೆಂಟು ಗಂಟೆ ಆಗುತ್ತೆ. ನಾವಿಬ್ರೂ ಒಂದು ಭಾನುವಾರ ಕೂತು ಗೋಡೆ ಕ್ಯಾಲೆಂಡರ್ ಕೆಳಗಿಳಿಸಿ ಕೆಂಪು ಪೆನ್ನಲ್ಲಿ ನನ್ನ ಗಂಟೆಗಳನ್ನ ಬರೆದ್ವಿ, ಆ ಹೊತ್ತಲ್ಲಿ ನಿಲ್ಲೋ ಕೆಲಸಗಳನ್ನ ಪಕ್ಕದಲ್ಲಿ ಬರೆದ್ವಿ, ಅದ್ರಲ್ಲಿ ಯಾವುದು ಅವ್ರು ಮಾಡ್ತಾರೆ, ಯಾವುದು ದುಡ್ಡು ಕೊಟ್ಟು ಮಾಡಿಸ್ತೀವಿ, ಯಾವುದು ಆರು ತಿಂಗಳು ನಡೀದೇ ಹೋದ್ರೂ ಪರ್ವಾಗಿಲ್ಲ ಅಂತ ಮೂರು ಭಾಗ ಮಾಡಿದ್ವಿ. ಶುರು ಮಾಡೋ ಮೊದ್ಲೇ ಈ ಕೆಲಸ ಮಾಡಿ ಅಂತ ಯಾರಿಗಾದ್ರೂ ಹೇಳ್ತೀನಿ, ಸೈಕಲ್ ಕೊಳ್ಳೋದಕ್ಕೂ ಮೊದ್ಲು.

ವಯಸ್ಸು ಏನು ಮಾಡುತ್ತೆ ಅಂತ ತಿಳ್ಕೊಂಡ್ರೆ ಪ್ಲಾನ್ ಅರ್ಥ ಆಗುತ್ತೆ. ಒಂದು ನಿಮಿಷಕ್ಕೆ ನಮ್ಮ ಮೈ ಗರಿಷ್ಠ ಎಷ್ಟು ಆಕ್ಸಿಜನ್ ಬಳಸ್ಕೊಳ್ಳಬಹುದು ಅನ್ನೋ ಅಳತೆಗೆ ವಿಒ2 ಮ್ಯಾಕ್ಸ್ ಅಂತಾರೆ, ಮೂವತ್ತರ ನಂತ್ರ ಸುಮ್ನೆ ಕೂತೋರಲ್ಲಿ ಇದು ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತೆ, ಬಿಡದೆ ವ್ಯಾಯಾಮ ಮಾಡೋರಲ್ಲಿ ಆ ಇಳಿಕೆ ಹತ್ತಿರಹತ್ತಿರ ಅರ್ಧ ಆಗುತ್ತೆ. ಹೃದಯ ಗರಿಷ್ಠ ಎಷ್ಟು ಬಡ್ಕೊಳ್ಳಬಹುದು ಅನ್ನೋದೂ ಕಮ್ಮಿಯಾಗುತ್ತೆ, 208ರಲ್ಲಿ ವಯಸ್ಸಿನ 0.7 ಪಾಲು ಕಳೆದ್ರೆ ಅಂದಾಜು ಸಿಗುತ್ತೆ, 47ಕ್ಕೆ 175ರ ಆಸುಪಾಸು. ಇದೆಲ್ಲ ಇದ್ರೂ ದೂರದ ಸ್ಪರ್ಧೆಗೆ ಬೇಕಾಗೋದು ಆ ಗರಿಷ್ಠ ಅಲ್ವೇ ಅಲ್ಲ, ಅದಕ್ಕಿಂತ ಎಷ್ಟೋ ಕೆಳಗಿನ ವೇಗದಲ್ಲಿ ಏಳೆಂಟು ಗಂಟೆ ತಡ್ಕೊಳ್ಳೋ ಶಕ್ತಿ, ಅದು ನಲವತ್ತಲ್ಲೂ ಐವತ್ತಲ್ಲೂ ಬೆಳೆಯುತ್ತೆ. ಮಿಲಿಂದ್ ಸೋಮನ್ 2015ರಲ್ಲಿ ಜ್ಯೂರಿಚಲ್ಲಿ ಫುಲ್ ಐರನ್‌ಮ್ಯಾನ್ ಮುಗಿಸಿದಾಗ ಐವತ್ತಕ್ಕೆ ಕೆಲವೇ ತಿಂಗಳಿತ್ತು. ಜಪಾನಿನ ಹಿರೋಮು ಇನಾಡ ಅನ್ನೋ ಅಜ್ಜ 2018ರಲ್ಲಿ 85ನೇ ವಯಸ್ಸಲ್ಲಿ ಹವಾಯಿಯ ಕೋನಾದಲ್ಲಿ ಮುಗಿಸಿದ್ರು.

ಕಷ್ಟ ಬರೋದು ಬೇರೆ ಕಡೆ. ಹೃದಯ ಶ್ವಾಸಕೋಶ ಕೆಲವೇ ವಾರದಲ್ಲಿ ಚುರುಕಾಗುತ್ವೆ, ಸ್ನಾಯು ಅದಾದ್ಮೇಲೆ, ಆದ್ರೆ ಸ್ನಾಯುನ ಮೂಳೆಗೆ ಕಟ್ಟಿರೋ ಹುರಿ ಇದ್ಯಲ್ಲ, ಡಾಕ್ಟ್ರು ಟೆಂಡನ್ ಅಂತಾರಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು, ವಯಸ್ಸಾದಂಗೆ ಇನ್ನೂ ನಿಧಾನ. ಎದೆ ಹೇಳುತ್ತೆ ಓಡಬಹುದು ಅಂತ, ಹಿಮ್ಮಡಿ ಮೇಲಿನ ಹುರಿ ಇನ್ನೂ ತಯಾರಾಗಿರಲ್ಲ, ನಮ್ಮ ವಯಸ್ಸಿನೋರಿಗೆ ಮೂರನೇ ನಾಲ್ಕನೇ ತಿಂಗಳಲ್ಲಿ ಪೆಟ್ಟಾಗೋದು ಹೆಚ್ಚಾಗಿ ಇಲ್ಲೇ. ಒಂದು ಗಟ್ಟಿ ಓಟ ಆದ್ಮೇಲೆ ಇಪ್ಪತ್ತೈದರ ಹುಡುಗಿ ಮಾರನೇ ದಿನ ಮತ್ತೆ ಓಡ್ತಾಳೆ, ನಂಗೆ ಎರಡು ದಿನ ಬೇಕು. ಅದಕ್ಕೆ ಎಲ್ರೂ ಮಾಡೋ ಮೂರು ವಾರ ಏರಿಸಿ ಒಂದು ವಾರ ಇಳಿಸೋ ಪದ್ಧತಿ ಬಿಟ್ಟು ಎರಡು ವಾರ ಏರಿಸಿ ಮೂರನೇದು ಹಗುರ ಮಾಡ್ಕೊಂಡೆ, ಅಷ್ಟರಲ್ಲೇ ನೋವುಗಳು ಅರ್ಧ ಕಮ್ಮಿಯಾದ್ವು. ಹೆಂಗಸರಿಗೆ ಇನ್ನೊಂದಿದೆ, ಯಾರೂ ಬಾಯಿಬಿಟ್ಟು ಹೇಳಲ್ಲ. ಮುಟ್ಟು ನಿಲ್ಲೋ ಮುಂಚಿನ ನಾಲ್ಕೈದು ವರ್ಷ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಏರಿ ಇಳಿದು ಕೊನೆಗೆ ಕಮ್ಮಿಯಾಗುತ್ತೆ, ಜೊತೆಗೆ ಮೂಳೆ ತೆಳುವಾಗುತ್ತೆ, ಸ್ನಾಯು ಕರಗುತ್ತೆ, ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬಿಸಿಯಾಗಿ ಎಚ್ಚರ ಆಗುತ್ತೆ. ಕೆಲವು ತಿಂಗಳು ಸ್ರಾವ ಜಾಸ್ತಿಯಾಗಿ ಕಬ್ಬಿಣದ ಅಂಶ ಇಳಿದುಬಿಡುತ್ತೆ, ನಾನು ಟ್ರೈನಿಂಗ್ ಸರಿಹೋಗ್ತಿಲ್ಲ ಅಂತ ಎರಡು ತಿಂಗಳು ನನ್ನನ್ನೇ ಬೈಕೊಂಡೆ, ಆಮೇಲೆ ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣ ಎಷ್ಟು ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಮಾಡಿಸಿದ್ರೆ ತಳ ಮುಟ್ಟಿತ್ತು.

ಅದಕ್ಕೇ ಶುರುವಲ್ಲೇ ಡಾಕ್ಟ್ರ ಹತ್ರ ಹೋಗಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ, ಡಾಕ್ಟ್ರು ಹೇಳಿದ್ರೆ ಎಕೋ (ಹೃದಯದ ಸ್ಕ್ಯಾನು) ಮತ್ತೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹೃದಯದ ಟೆಸ್ಟು), ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ವಿಟಮಿನ್ ಡಿ ಮತ್ತೆ ಬಿ12. ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ರೆ ಅದನ್ನ ಮುಚ್ಚಿಡ್ದೆ ಹೇಳಿ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವುಗಳು ಮತ್ತೆ ಹೃದಯ ನಿಂತ ಪ್ರಕರಣಗಳನ್ನ ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2017ರಲ್ಲಿ ಬಂತು: ಮೂರರಲ್ಲಿ ಎರಡು ಪಾಲು ಈಜಿನ ಹೊತ್ತಲ್ಲೇ ಆಗಿದ್ದು, ಸರಾಸರಿ ವಯಸ್ಸು 47ರ ಹತ್ರ, ನೂರಕ್ಕೆ 85 ಗಂಡಸರು. ಒಟ್ಟು ಭಾಗವಹಿಸಿದೋರ ಲೆಕ್ಕದಲ್ಲಿ ಲಕ್ಷಕ್ಕೆ ಇಬ್ರಿಗಿಂತ ಕಮ್ಮಿ, ಹೆದರೋ ಸಂಖ್ಯೆ ಅಲ್ಲ, ಆದ್ರೆ ಆ ವಯಸ್ಸು ನಮ್ಮದೇ ವಯಸ್ಸು. ಜೊತೆಲಿರೋರು ಒತ್ತಾಯ ಮಾಡಬೇಕಾದ ಜಾಗ ಯಾವುದಾದ್ರೂ ಇದ್ರೆ ಇದೇ, ನಮ್ಮನೆಯವ್ರು ರಿಪೋರ್ಟ್ ಕೈಗೆ ಬರೋವರೆಗೆ ಫೀಸ್ ಕಟ್ಟೋಕೆ ಬಿಡ್ಲಿಲ್ಲ.

ಇನ್ನು ಟ್ರೈನಿಂಗ್ ಅನ್ನೋದರ ಒಳಗಡೆ. ಹತ್ತು ಗಂಟೆಲಿ ಎಂಟು ಗಂಟೆ ನಿಧಾನ, ಎರಡು ಗಂಟೆ ಗಟ್ಟಿ, ಈ ಅನುಪಾತ ಮೊದ್ಲು ಯಾರಿಗೂ ನಂಬಿಕೆ ಬರಲ್ಲ. ನಿಧಾನ ಅಂದ್ರೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು, ಏದುಸಿರು ಬಿಡಬಾರ್ದು. ಆ ವೇಗದಲ್ಲಿ ಸ್ನಾಯು ಮುಖ್ಯವಾಗಿ ಕೊಬ್ಬನ್ನ ಉರಿಸುತ್ತೆ, ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯ ಜಾಸ್ತಿಯಾಗುತ್ವೆ, ಸ್ನಾಯುಗೆ ರಕ್ತ ತರೋ ಸಣ್ಣ ಸಣ್ಣ ನಾಳ ಹೆಚ್ಚುತ್ವೆ. ಇದು ಯಾಕೆ ಮುಖ್ಯ ಅಂದ್ರೆ ಮೈಯಲ್ಲಿ ಸಕ್ಕರೆ ರೂಪದಲ್ಲಿ ಕೂಡಿಟ್ಟಿರೋ ಗ್ಲೈಕೋಜನ್ ಹೆಚ್ಚಂದ್ರೆ 400–500 ಗ್ರಾಂ, ಜೋರಾಗಿ ಹೋದ್ರೆ ಎರಡು ಮೂರು ಗಂಟೆಲಿ ಖಾಲಿ, ಕೊಬ್ಬು ಮಾತ್ರ ಸಣ್ಣಗಿರೋರಲ್ಲೂ ದಿನಗಟ್ಟಲೆ ಸಾಲೋಷ್ಟಿರುತ್ತೆ. ನಿಧಾನ ಓಟದ ದಿನ ನಮ್ಮನೆಯವ್ರು ಕುಕ್ಕರಹಳ್ಳಿ ಕೆರೆ ಕಡೆಯಿಂದ ಪಕ್ಕದಲ್ಲೇ ಸೈಕಲ್ ತುಳ್ಕೊಂಡು ಬರ್ತಿದ್ರು, ಮಗಳ ಕಾಲೇಜು, ಊರಿನ ತೋಟದ ಬೋರ್‌ವೆಲ್ಲು, ಅಣ್ಣನ ಮನೆ ಗೃಹಪ್ರವೇಶ ಅಂತ ಏನಾದ್ರೂ ಕೇಳ್ತಾ ಇರ್ತಿದ್ರು, ನಾನು ಹೂಂ ಹೂಂ ಅನ್ನೋಕೆ ಶುರು ಮಾಡಿದ್ರೆ "ಜೋರಾಯ್ತು ಕಣೇ, ಇಳಿಸು" ಅಂತಿದ್ರು. ಹತ್ತು ಸಾವಿರದ ವಾಚ್‌ಗಿಂತ ಅದು ಚೆನ್ನಾಗಿ ಕೆಲಸ ಮಾಡ್ತು, ಮತ್ತೆ ನಿಜ ಹೇಳ್ಬೇಕು ಅಂದ್ರೆ ನಾವಿಬ್ರೂ ಎಷ್ಟೋ ವರ್ಷದ ಮೇಲೆ ಅಷ್ಟೊಂದು ಮಾತಾಡಿದ್ದು ಆವಾಗ್ಲೇ.

ವಾರಕ್ಕೆ ಎರಡು ಸಲ ಭಾರ ಎತ್ತೋದನ್ನ ಬಿಡಬೇಡಿ. ನಲವತ್ತರ ಮೇಲೆ ಸ್ನಾಯು ತಾನಾಗೇ ಕರಗೋದ್ರಿಂದ ಈಜು ಸೈಕಲ್ ಓಟ ಎಷ್ಟು ಮಾಡಿದ್ರೂ ಅದು ಪೂರ್ತಿ ನಿಲ್ಲಲ್ಲ. ಸ್ಕ್ವಾಟು, ಮೆಟ್ಟಿಲು ಹತ್ತಿ ಇಳಿಯೋದು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು, ಬೆನ್ನಿನ ವ್ಯಾಯಾಮ, ಅಷ್ಟೇ. ನಾನು ಜಿಮ್ಮಿಗೆ ಹೋಗ್ದೆ ಮನೇಲಿ ಹತ್ತು ಕೆಜಿ ಅಕ್ಕಿ ಚೀಲ ತಬ್ಕೊಂಡು ಮೆಟ್ಟಿಲು ಹತ್ತಿದೀನಿ.

ಈಜಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ನಮ್ಮಂಥೋರು ಬಿಟ್ಟು ಹೋಗೋದು ಇಲ್ಲಿಂದ್ಲೇ. ನಮ್ಮನೆಯವ್ರು ಹಳ್ಳೀಲಿ ಬೆನ್ನಿಗೆ ಬೆಂಡು ಕಟ್ಕೊಂಡು ಬಾವೀಲಿ ಕಲ್ತೋರು, ನಾನು 45ಕ್ಕೆ ಲೇಡೀಸ್ ಬ್ಯಾಚಲ್ಲಿ ಕಂಬಿ ಹಿಡ್ಕೊಂಡು ಶುರು ಮಾಡಿದೋಳು. ದೊಡ್ಡೋರಾದ ಮೇಲೆ ಕಲಿಯೋರಿಗೆ ಕೈಕಾಲು ತೊಂದ್ರೆ ಅಲ್ಲ, ಉಸಿರು ತೊಂದ್ರೆ: ನೀರೊಳಗೆ ಮುಖ ಇದ್ದಾಗ ಉಸಿರು ಹಿಡಿದಿಟ್ಕೊಂಡು, ಮೇಲೆ ಬಂದಾಗ ಬಿಟ್ಟು, ಎಳ್ಕೊಂಡು, ಎರಡೂ ಒಂದೇ ಕ್ಷಣದಲ್ಲಿ ಮಾಡೋಕೆ ಹೋಗಿ ಇಪ್ಪತ್ತೈದು ಮೀಟರಿಗೆ ಎದೆ ಒಡೆಯೋ ಹಾಗಾಗುತ್ತೆ. ನೀರೊಳಗೇ ಮೂಗಿಂದ ಬಾಯಿಂದ ಗುಳುಗುಳು ಅಂತ ಪೂರ್ತಿ ಬಿಟ್ಟು, ಮೇಲೆ ಬಂದಾಗ ಬರೀ ಎಳ್ಕೊಳ್ಳೋದು ಅಭ್ಯಾಸ ಆದ ದಿನದಿಂದ ದೂರ ತಾನಾಗೇ ಬೆಳೆಯುತ್ತೆ. ನಂಗೆ ಐವತ್ತು ಮೀಟರಿಂದ ಸಾವಿರ ಮೀಟರಿಗೆ ಐದು ತಿಂಗಳು ಹಿಡೀತು. ಸಮುದ್ರ ಬೇರೆ ಕಥೆ, ತಳ ಕಾಣಲ್ಲ, ಗೆರೆ ಇಲ್ಲ, ಎಂಟು ಹತ್ತು ಕೈಗೊಂದು ಸಲ ಕಣ್ಣು ಮೇಲೆತ್ತಿ ದಾರಿ ಗುರುತಿಗೆ ನೀರ ಮೇಲೆ ತೇಲಿಬಿಟ್ಟಿರೋ ದೊಡ್ಡ ಬಲೂನ್ ಎಲ್ಲಿದೆ ಅಂತ ನೋಡ್ಬೇಕು, ಪಕ್ಕದೋರ ಕಾಲು ಮುಖಕ್ಕೆ ತಾಗುತ್ತೆ. ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ರೆ ನಮ್ಮಂಥ ಸಾಮಾನ್ಯ ಸ್ಪರ್ಧಿಗಳಿಗೆ ವೆಟ್‌ಸೂಟ್, ಅಂದ್ರೆ ಮೈಗಂಟೋ ರಬ್ಬರ್ ಸೂಟು, ಹಾಕೋಕೆ ಬಿಡಲ್ಲ, ಗೋವಾ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತೆ, ಹಾಗಾಗಿ ಆ ಸೂಟು ಕೊಡೋ ತೇಲೋ ಸಹಾಯ ಇಲ್ಲಿಲ್ಲ. ಇನ್ನೊಂದು ಮರೀಬೇಡಿ, ರೇಸ್ ಬರೋದು ಮಳೆಗಾಲದ ಬೆನ್ನಿಗೇ, ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳೀಲಿ ಕಡಲಿಗೆ ಇಳಿಯೋ ಹಾಗೇ ಇಲ್ಲ, ಅಂದ್ರೆ ಕಡಲ ಅಭ್ಯಾಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸ್ಕೋಬೇಕು. ನಾವು ಮಂಗಳೂರಲ್ಲಿ ನಾದಿನಿ ಮನೇಲಿ ಉಳ್ಕೊಂಡು ಲೈಫ್‌ಗಾರ್ಡ್ ಇರೋ ಬೀಚಿಗೇ ಹೋಗ್ತಿದ್ವಿ. ದಡದಲ್ಲಿ ನಿಂತಿರೋ ಗಂಡ ಎಷ್ಟೇ ಚೆನ್ನಾಗಿ ಈಜಿದ್ರೂ ಲೈಫ್‌ಗಾರ್ಡ್ ಅಲ್ಲ, ಇದ್ರಲ್ಲಿ ರಾಜಿ ಬೇಡ.

ಸೈಕಲ್ಲಿಗೆ ನಮ್ಮೂರಲ್ಲಿ ಭಾಗ್ಯ ಇದೆ, ಬೆಳಿಗ್ಗೆ ಐದಕ್ಕೆ ಹೊರಟ್ರೆ ನಂಜನಗೂಡು ದಾಟೋ ಹೊತ್ತಿಗೆ ಬೆಳಕು, ಗುಂಡ್ಲುಪೇಟೆ ಮುಟ್ಟಿ ವಾಪಸ್ ಬಂದ್ರೆ ಹತ್ತಿರಹತ್ತಿರ 120 ಕಿಮೀ. ಮೊದಮೊದ್ಲು ನಮ್ಮನೆಯವ್ರು ಸ್ಕೂಟರಲ್ಲಿ ಹಿಂದೇನೇ ಬರ್ತಿದ್ರು, ಒಬ್ಳೇ ಹೆಂಗಸು ಕತ್ತಲಲ್ಲಿ ಅಂತ ಭಯ, ಆ ಭಯ ನಂಗೂ ಇತ್ತು. ಆದ್ರೆ ಹಿಂದೆ ಬರೋದ್ರಿಂದ ಒಂದು ತೊಂದ್ರೆ ಆಯ್ತು, ಪಂಕ್ಚರ್ ಆದ್ರೆ ಅವ್ರೇ ಟ್ಯೂಬ್ ಬದಲಾಯಿಸೋರು, ಬಾಯಾರಿದ್ರೆ ಅವ್ರೇ ಬಾಟಲಿ ಕೊಡೋರು, ರೇಸಲ್ಲಿ ಹೊರಗಿನೋರ ಸಹಾಯ ತಗೊಂಡ್ರೆ ಅನರ್ಹ ಮಾಡಬಹುದು, ಹೆಂಡ್ತಿಗೆ ಗಂಡ ನೀರು ಕೊಟ್ರೂ ಅಷ್ಟೇ. ಹಾಗಾಗಿ ಬದಲಾಯಿಸಿದ್ವಿ: ನಾನು ಇನ್ನಿಬ್ರು ಸೈಕಲ್ ಗೆಳತಿಯರ ಜೊತೆ ಹೋಗೋದು, ಫೋನಲ್ಲಿ ಲೊಕೇಶನ್ ಆನ್ ಇರೋದು, ಅವ್ರು ಬೇಗೂರಿನ ಹತ್ರ ಒಂದು ಟೀ ಅಂಗಡೀಲಿ ಕಾಯೋದು, ಅಲ್ಲಿ ಮುಖ ನೋಡ್ಕೊಂಡು ಮುಂದಕ್ಕೆ. ಪಂಕ್ಚರ್ ನಾನೇ ಹಾಕೋದು ಕಲ್ತೆ, ಮೊದ್ಲ ಸಲ ನಲವತ್ತು ನಿಮಿಷ ಆಯ್ತು, ಅವ್ರು ಕೈ ಕಟ್ಕೊಂಡು ನಿಂತಿದ್ರು, ಸಹಾಯ ಮಾಡ್ದೆ ನಿಂತ್ಕೊಳ್ಳೋದು ಅವ್ರಿಗೆ ಎಷ್ಟು ಕಷ್ಟ ಆಗ್ತಿತ್ತು ಅಂತ ಮುಖದಲ್ಲೇ ಕಾಣ್ತಿತ್ತು.

ಊಟವನ್ನ ನಾಲ್ಕನೇ ಆಟ ಅಂತಾರೆ, ಸರಿಯಾಗೇ ಅಂತಾರೆ. ಎರಡು ಗಂಟೆ ಮೀರಿದ ಯಾವ ಟ್ರೈನಿಂಗಿಗೂ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು, ಅಭ್ಯಾಸ ಇದ್ದೋರು 90ರವರೆಗೂ ತಗೋತಾರೆ. ಒಂದು ಬಾಳೆಹಣ್ಣಲ್ಲಿ 25 ಗ್ರಾಂ ಆಸುಪಾಸು, ಹತ್ತು ಗ್ರಾಂ ಬೆಲ್ಲದಲ್ಲಿ ಒಂಬತ್ತಕ್ಕಿಂತ ಜಾಸ್ತಿ, ಲೀಟರ್ ನೀರಿಗೆ 50 ಗ್ರಾಂ ಸಕ್ಕರೆ, ನಿಂಬೆಹಣ್ಣು, ಎರಡು ಗ್ರಾಂ ಉಪ್ಪು ಹಾಕಿ ಕಲಸಿದ್ರೆ ಒಳ್ಳೇ ಪಾನಕ, ಅದ್ರಲ್ಲಿ ಸೋಡಿಯಂ 800 ಮಿಲಿಗ್ರಾಂ ಹತ್ರ ಬರುತ್ತೆ. ಹೊಟ್ಟೆಗೂ ಟ್ರೈನಿಂಗ್ ಬೇಕು, ಓಡ್ತಾ ತಿನ್ನೋದು ಕರುಳಿಗೆ ಅಭ್ಯಾಸ ಇರಲ್ಲ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಏರಿಸ್ಬೇಕು, ರೇಸ್ ದಿನ ಹೊಸದೇನೂ ತಿನ್ನಬಾರ್ದು. ನೀರೆಷ್ಟು ಅಂತ ತಿಳಿಯೋಕೆ ಒಂದು ಗಂಟೆ ಓಟದ ಮುಂಚೆ ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದ್ರೆ ಒಂದು ಲೀಟರ್ ಬೆವರು ಹೋಗಿದೆ, ಮಧ್ಯೆ ಕುಡಿದಿದ್ರೆ ಅದನ್ನೂ ಸೇರಿಸ್ಕೊಳ್ಳಿ. ಭಯಕ್ಕೆ ಬರೀ ನೀರನ್ನೇ ಸಿಕ್ಕಾಪಟ್ಟೆ ಕುಡಿದ್ರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಪ್ರಾಣಕ್ಕೇ ಅಪಾಯ ಆಗಬಹುದು, ನಿಧಾನಕ್ಕೆ ಹೋಗೋ ನಮ್ಮಂಥೋರಿಗೇ ಆ ಅಪಾಯ ಹೆಚ್ಚು.

ನಮ್ಮನೇಲಿ ಸೋಮವಾರ ಒಪ್ಪೊತ್ತು, ನಂಜುಂಡೇಶ್ವರನ ಒಕ್ಕಲು. ಭಾನುವಾರ ನಾಲ್ಕೈದು ಗಂಟೆ ಸೈಕಲ್ ತುಳಿದ ಮೇಲೆ ಖಾಲಿಯಾದ ಗ್ಲೈಕೋಜನ್ ತುಂಬೋಕೆ ಒಂದು ದಿನ ಚೆನ್ನಾಗಿ ಉಣ್ಬೇಕು, ನಾನು ಆ ದಿನವೇ ಒಂದು ಹೊತ್ತು ಉಂಡು ರಾತ್ರಿ ಒಂದು ಹಣ್ಣು ತಿಂದು ಮಲಗ್ತಿದ್ದೆ, ಬುಧವಾರದ ಓಟದಲ್ಲಿ ಕಾಲಿಗೆ ಕಲ್ಲು ಕಟ್ಟಿದಂಗೆ ಆಗ್ತಿತ್ತು. ಕಾರಣ ಹಿಡಿದಿದ್ದು ನಮ್ಮನೆಯವ್ರು. ಅತ್ತೆಗೆ ಹೆಂಗೆ ಹೇಳೋದು ಅಂತ ನಾನು ಹಿಂಜರಿದ್ರೆ ಅವ್ರೇ ಹೋಗಿ ಹೇಳಿದ್ರು, ಅತ್ತೆ ಒಂದು ನಿಮಿಷ ಯೋಚ್ನೆ ಮಾಡಿ, ಫಲಾಹಾರ ಅಂದ್ರೆ ಒಂದೇ ಹಣ್ಣು ಅಂತ ಯಾರು ಹೇಳಿದ್ರು, ಅವಲಕ್ಕಿ ಉಪ್ಪಿಟ್ಟು ಎರಡೂ ಮಾಡ್ಕೊಂಡು ಹೊಟ್ಟೆ ತುಂಬಾ ತಿನ್ನು ಅಂದ್ರು. ಪ್ರೊಟೀನ್ ಕೂಡ ಹಾಗೇ, ಈ ವಯಸ್ಸಲ್ಲಿ ತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಬೇಕು ಅಂತಾರೆ, ನನ್ನ 58 ಕೆಜಿಗೆ ದಿನಕ್ಕೆ 70ರಿಂದ 93 ಗ್ರಾಂ. ಅನ್ನ ಸಾರಲ್ಲಿ ಅದು ಬರಲ್ಲ, ನೂರು ಗ್ರಾಂ ಹಸಿ ಬೇಳೇಲಿ 22 ಗ್ರಾಂ ಇರುತ್ತೆ ನಿಜ, ಆದ್ರೆ ಸಾರಿನ ತಿಳೀಲಿ ಎಷ್ಟು ಬೇಳೆ ಇರುತ್ತೆ ಹೇಳಿ. ಎರಡು ಮೊಟ್ಟೆ, ಗಟ್ಟಿ ಮೊಸರು, ಪನೀರು, ಮೊಳಕೆ ಹುರುಳಿ, ಸೋಯಾ, ಹೀಗೆ ನಾಲ್ಕು ಹೊತ್ತಿಗೂ ಹಂಚಿ ಇಟ್ಟಿರ್ತಿದ್ರು, ಬೆಳಿಗ್ಗೆ ತಿಂಡಿ ಕೆಲಸ ಪೂರ್ತಿ ಅವ್ರದ್ದಾಗಿತ್ತು.

ಸೈಕಲ್ ಇಳಿದು ತಕ್ಷಣ ಓಡೋದಕ್ಕೆ ಬ್ರಿಕ್ ಅಂತಾರೆ. ಮೊದ್ಲ ಎರಡು ಕಿಮೀ ಕಾಲು ನಮ್ದಲ್ಲ ಅನ್ನಿಸುತ್ತೆ, ಗಂಟೆಗಟ್ಟಲೆ ಕೂತು ಸುತ್ತಾ ತುಳಿದ ಸ್ನಾಯುಗೆ ನೆಲ ಹೊಡೆದು ಓಡೋ ತಾಳ ಹಿಡಿಯೋಕೆ ಹೊತ್ತು ಬೇಕು. ವಾರಕ್ಕೊಂದು ಸಲ ಹದಿನೈದು ಇಪ್ಪತ್ತು ನಿಮಿಷ ಸಾಕು.

ನಾಲ್ಕನೇ ತಿಂಗಳಲ್ಲಿ ನಾವಿಬ್ರೂ ಜಗಳ ಆಡಿದ್ವಿ. ಸಣ್ಣದಲ್ಲ. ಬೆಂಬಲ ಕೊಡೋರಿಗೂ ಸುಸ್ತಾಗುತ್ತೆ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ, ಒಂದು ರಾತ್ರಿ ಅವ್ರು "ಮನೇಲಿದ್ರೂ ನೀನು ಇರಲ್ಲ, ಊಟಕ್ಕೆ ಕೂತ್ರೂ ನಾಳೆ ಎಷ್ಟು ಕಿಮೀ ಅಂತಲೇ ಮಾತು" ಅಂದ್ರು. ನಂಗೆ ಸಿಟ್ಟು ಬಂತು, ಎರಡು ದಿನ ಮಾತಾಡ್ಲಿಲ್ಲ, ಆಮೇಲೆ ಕ್ಯಾಲೆಂಡರ್ ಮುಂದೆ ನಿಂತು ನೋಡಿದ್ರೆ ಅದ್ರಲ್ಲಿ ಬರೀ ಕೆಂಪು. ಅವ್ರಿಗೆ ಶನಿವಾರ ಸಂಜೆ ಹಳೇ ಸ್ನೇಹಿತರ ಜೊತೆ ಸುಗಮ ಸಂಗೀತದ ಅಭ್ಯಾಸಕ್ಕೆ ಹೋಗೋ ರೂಢಿ ಇತ್ತು, ನನ್ನ ಭಾನುವಾರದ ಸೈಕಲ್ಲಿಗೋಸ್ಕರ ಸದ್ದಿಲ್ದೆ ಬಿಟ್ಟಿದ್ರು, ನಾನು ಗಮನಿಸಿರ್ಲೂ ಇಲ್ಲ. ಅವತ್ತೇ ಹಸಿರು ಪೆನ್ನು ತಂದು ಶನಿವಾರ ಸಂಜೆ ಅವ್ರದ್ದು ಅಂತ ಬರೆದೆ, ಶುಕ್ರವಾರ ಟ್ರೈನಿಂಗೂ ಇಲ್ಲ, ಟ್ರೈನಿಂಗ್ ಮಾತೂ ಇಲ್ಲ. ವಾರಕ್ಕೆ ಒಂದು ಗಂಟೆ ಕಮ್ಮಿ ಆಯ್ತು, ರೇಸಲ್ಲಿ ಅದ್ರಿಂದ ಏನೂ ನಷ್ಟ ಆಗ್ಲಿಲ್ಲ.

ಅವ್ರು ನೋಡೋ ಕೆಲವು ಗುರುತುಗಳು ನಂಗೆ ಕಾಣೋದೇ ಇಲ್ಲ. ಅತಿಯಾದ ಟ್ರೈನಿಂಗ್ ಮೈಗೆ ಏರೋದು ನಿಧಾನವಾಗಿ: ಬೆಳಿಗ್ಗೆ ಏಳೋ ಹೊತ್ತಿನ ನಾಡಿ ಮಾಮೂಲಿಗಿಂತ ಏಳೆಂಟು ಜಾಸ್ತಿ, ಸುಸ್ತಿದ್ರೂ ನಿದ್ದೆ ಬರಲ್ಲ, ಸಣ್ಣಪುಟ್ಟ ಶೀತ ಬಿಡೋದೇ ಇಲ್ಲ, ಸುಮ್ಸುಮ್ನೆ ಸಿಡಿಮಿಡಿ. ಒಳಗಿರೋರಿಗೆ ಅದು ಛಲ ಅನ್ನಿಸುತ್ತೆ. "ಮೂರು ದಿನದಿಂದ ಕಾಫಿ ಕುಡೀವಾಗ ನೀನು ಒಂದು ಮಾತೂ ಆಡಿಲ್ಲ, ಇವತ್ತು ಓಡ್ಬೇಡ" ಅಂತ ಅವ್ರು ಅಂದ ಮೂರು ಸಲವೂ ನಾಡಿ ಏರಿತ್ತು. ಇದಕ್ಕೂ ಸುಮ್ನೆ ಹೆದರಿಸಿ ಸಾಕು ಬಿಡು ಅನ್ನೋದಕ್ಕೂ ವ್ಯತ್ಯಾಸ ಇದೆ, ಅದಕ್ಕೆ ಮೊದ್ಲೇ ಮಾತಾಡ್ಕೊಂಡಿದ್ವಿ, ಈ ನಾಲ್ಕು ಗುರುತಲ್ಲಿ ಎರಡು ಕಂಡ್ರೆ ಅವ್ರ ಮಾತೇ ಕೊನೆ, ಇಲ್ಲಾಂದ್ರೆ ನಂದು.

ಕೊನೇ ಎರಡು ವಾರ ಟ್ರೈನಿಂಗ್ ಅರ್ಧಕ್ಕೆ ಇಳಿಸೋದಕ್ಕೆ ಟೇಪರ್ ಅಂತಾರೆ. ಮೈ ಹಗುರಾಗುತ್ತೆ, ತಲೆ ಮಾತ್ರ ಕೆಡುತ್ತೆ, ಇಲ್ಲದ ನೋವೆಲ್ಲ ಕಾಣುತ್ತೆ, ಮನೆಯೋರ ತಾಳ್ಮೆಗೆ ದೊಡ್ಡ ಪರೀಕ್ಷೆ ಆಗ್ಲೇ. ರೇಸ್ ದಿನ ಜೊತೆಗಾರರ ಕೆಲಸ ಅಂದ್ರೆ ಬಹುಪಾಲು ಕಾಯೋದು, ಗೋವಾ ಬಿಸಿಲಲ್ಲಿ ಏಳೆಂಟು ಗಂಟೆ, ಅವ್ರಿಗೂ ಟೋಪಿ, ನೀರು, ತಿಂಡಿ, ಕೂರೋಕೆ ನೆರಳು ಬೇಕು ಅಂತ ನಾನೇ ಬ್ಯಾಗ್ ತುಂಬ್ಸಿದ್ದೆ. ಓಟದ ದಾರೀಲಿ ಸುತ್ತು ಹಾಕೋದ್ರಿಂದ ಒಂದೇ ಕಡೆ ನಿಂತ್ರೂ ಹಲವು ಸಲ ನೋಡಬಹುದು. ಏನು ಕೂಗಬೇಕು ಅಂತಾನೂ ಹೇಳಿಟ್ಟಿದ್ದೆ: ಇನ್ನು ಸ್ವಲ್ಪೇ ಸ್ವಲ್ಪ ಅನ್ಬೇಡಿ, ಎಷ್ಟು ಕಿಮೀ ಉಳಿದಿದೆ, ಎಷ್ಟು ನಿಮಿಷ ಇದೆ ಅಷ್ಟು ಹೇಳಿ. ಹದಿನಾಲ್ಕನೇ ಕಿಮೀಲಿ ನಂಗೆ ವಾಕರಿಕೆ ಶುರುವಾಗಿ ನಡೀತಾ ಬರ್ತಿದ್ದೆ, ಅವ್ರು ಹಗ್ಗದ ಆ ಕಡೆಯಿಂದ "ಏಳು ಕಿಲೋಮೀಟ್ರು, ಒಂದು ಗಂಟೆ ನಲವತ್ತು ನಿಮಿಷ ಇದೆ, ನಡೆದ್ರೂ ಮುಟ್ತೀಯ" ಅಂದ್ರು, ಅಷ್ಟೇ ಅಂದ್ರು. ಲೆಕ್ಕ ಸರಿಯಾಗಿತ್ತು, ಭಯ ಇಳೀತು, ಸ್ವಲ್ಪ ದೂರ ನಡೆದು ಮತ್ತೆ ಓಡಿದೆ. 8 ಗಂಟೆ 4 ನಿಮಿಷ.

ಆಮೇಲೆ ಮೂರು ವಾರ ನಾನು ಬರೀ ವಾಕಿಂಗ್ ಮಾಡಿದೆ, ಆ ವಾರಗಳ ಬೆಳಗಿನ ತಿಂಡಿ ಎಲ್ಲ ನಂದೇ. ಈಗ ಗೋಡೆ ಮೇಲಿರೋ ಕ್ಯಾಲೆಂಡರಲ್ಲಿ ಹಸಿರು ಜಾಸ್ತಿ, ಜನವರಿಲಿ ಅವ್ರ ಸಂಗೀತದ ಗುಂಪಿನ ಕಾರ್ಯಕ್ರಮ ಇದೆ, ಬುಧವಾರ ಶುಕ್ರವಾರ ಎರಡೂ ಸಂಜೆ ಅಭ್ಯಾಸ, ಮಗಳ ಟ್ಯೂಷನ್ನಿಗೆ ನಾನು ಹೋಗ್ತೀನಿ.